ಡಬ್ಬಿ ಮ್ಯಾಲೆ ಬರದ ‘ಗಿಫ್ಟ್’

ಹೋದ ವರ್ಷ ದೊಡ್ಡ ಮಗಳ ಬಾಣಂತನಕ್ಕ ಜರ್ಮನಿಗೆ ಹೋಗಿದ್ದೆ ಅಂತ ನಿಮಗೆಲ್ಲಾ ಗೊತ್ತದ. ತಿರುಗಿ ಬಂದ ಮ್ಯಾಲೆ ಸಿಕ್ಕವರೆಲ್ಲಾ ಥಂಡಿ ಹ್ಯಾಂಗಿತ್ತು, ಕಾಯಿಪಲ್ಯ ಏನೇನು ಸಿಗ್ತಿತ್ತು, ಕೂಸಿಗೆ ಎರೀಲಿಕ್ಕೆ ಹ್ಯಾಂಗ ಮಾಡಿದ್ರಿ ಅಂತ ಕೇಳಿದ್ರಿ. ಅದನ್ನೆಲ್ಲಾ ಹೇಳೀನಿ. ಒಂದು ಸುದ್ದಿ ಮಾತ್ರ ಹೇಳದ ಇಟ್ಕೊಂಡಿದ್ದೆ. ಯಾಕಂದ್ರ ಅದು ನಗೋ ಸುದ್ದಿಯಾಗಿ ಶುರುವಾಗಿ, ಎಲ್ಲೆಲ್ಲೋ ಹೋಗಿ, ಕಡಿಗೆ ನನ್ನ ಕೊಳ್ಳಿಗೇ ಬಂದು ಬಿತ್ತು. ಇವತ್ತು ಬರೀತೀನಿ.

ಹೋಗೋಮುಂದ ಒಂದು ಬ್ಯಾಗಿನ ತುಂಬ ಅಂಟು, ಉತ್ತತ್ತಿ, ಒಣಕೊಬ್ರಿ, ಗಸಗಸಿ, ಬೆಲ್ಲ ತೊಗೊಂಡು ಹೋಗಿದ್ದೆ. ಬಾಣಂತಿಗೆ ಅಂತ ಮಾಡಿದ ಅಂಟಿನುಂಡಿ ಲೆಕ್ಕಕ್ಕಿಂತ ಜಾಸ್ತಿನೇ ಆದ್ವು. ಕೂಸಿನ ತೊಟ್ಟಲ ದಿನ ಆ ಬಿಲ್ಡಿಂಗಿನ್ಯಾಗಿನ ನಾಕೂ ಮನಿಗೆ ಉಂಡಿ ಕೊಡೋಣು ಅಂತ ಸಣ್ಣ ಸಣ್ಣ ರಟ್ಟಿನ ಡಬ್ಬಿಯೊಳಗ ಆರಾರು ಉಂಡಿ ಹಾಕಿ, ದಾರ ಕಟ್ಟಿದೆ. ಬರೇ ಡಬ್ಬಿ ಬಾಗಲಾಗ ಇಟ್ರ ಏನಂತ ತಿಳಕೊಳ್ಳಬೇಕು ಅವರು? ನನಗ ಜರ್ಮನ್ ಬರಂಗಿಲ್ಲ. ಮಗಳು ಮಲಗಿದ್ಳು, ಅಳಿಯಾ ಆಫೀಸಿಗೆ ಹೋಗಿದ್ರು. ಕೆಂಪು ಸ್ಕೆಚ್ ಪೆನ್ ತೊಗೊಂಡು ಇಂಗ್ಲಿಷಿನ್ಯಾಗ ದೊಡ್ಡ ಅಕ್ಷರದಾಗ ‘ಗಿಫ್ಟ್’ ಅಂತ ಬರದು, ಕೆಳಗ ಒಂದು ಹೂವು ತಗದು, ನಾಕೂ ಬಾಗಲಾಗ ಇಟ್ಟು ಬಂದೆ. ಸಾಲಿಯೊಳಗ ನನ್ನ ಅಕ್ಷರ ಛಂದ ಅಂತ ಹೇಳ್ತಿದ್ರು, ಅವತ್ತೂ ಹಂಗ ಬರದಿದ್ದೆ.

ಅರ್ಧಾ ತಾಸಿನ್ಯಾಗ ಬೆಲ್ ಆತು. ಕೆಳಗಿನ ಮನಿ ಅಜ್ಜಿ. ಎಂಬತ್ತರ ಮ್ಯಾಲಿನ ಜೀವ. ಡಬ್ಬಿನ ಎರಡೇ ಬಟ್ಟಿಲೆ ಹಿಡದು, ಮೈಯಿಂದ ದೂರ ಮಾಡಿ, ಹುಬ್ಬು ಏರಿಸಿ ನಿಂತಿದ್ರು. ನಾನು ನಗಿಮಾರಿ ಮಾಡಿ ‘ಗಿಫ್ಟ್! ಗಿಫ್ಟ್!’ ಅಂದೆ. ಡಬ್ಬಿ ತೋರಿಸಿ, ಬಾಯಿ ತೋರಿಸಿ, ತಿನ್ರಿ ತಿನ್ರಿ ಅಂತ ಕೈಸನ್ನಿ ಮಾಡಿದೆ. ಅವರು ನನ್ನ ಮಾರಿ ನೋಡ್ತಾರ, ಡಬ್ಬಿ ನೋಡ್ತಾರ. ಗದ್ದಲಕ್ಕ ಮಗಳು ಎದ್ದು ಬಂದ್ಳು. ಡಬ್ಬಿ ಮ್ಯಾಲಿನ ಅಕ್ಷರ ಓದಿದಾಕಿನೇ ಬಾಗಲಾ ಹಿಡಕೊಂಡು ಕೂತುಬಿಟ್ಳು. ಹೊಲಿಗಿ ಹಾಕಿದ ಬಾಣಂತಿ, ನಗಬಾರದು ಅಂದ್ರೂ ನಗಿ ತಡಕೊಳ್ಳಿಕ್ಕೆ ಆಗವಲ್ದು.

‘ಅಮ್ಮಾ, ಇಲ್ಲೆ ಗಿಫ್ಟ್ ಅಂದ್ರ ವಿಷ! ನೀ ನಾಕೂ ಮನಿಗೆ ವಿಷ ಅಂತ ಬರದು, ಹೂವು ತಗದು ಕೊಟ್ಟಿ!’

ನನ್ನ ಕೈಕಾಲು ಥಣ್ಣಗಾದ್ವು. ಆಗ ನೆನಪಾತು, ಅಕಿ ಫ್ರಿಜ್ಜಿನ ಬಾಗಲಕ್ಕ ಒಂದು ಚೀಟಿ ಅಂಟಿಸಿತ್ತು. ಅದರಾಗ ‘ಗಿಫ್ಟ್’ ಅಂತ ಶುರುವಾಗೋ ಒಂದು ಉದ್ದನ್ನ ಶಬ್ದ, ಕೆಳಗ ಫೋನ್ ನಂಬರ್. ಕೂಸು ಹುಟ್ಟಿದವರಿಗೆ ಗಿಫ್ಟ್ ತರಿಸಿಕೊಳ್ಳೋ ಅಂಗಡಿ ನಂಬರ್ ಇರಬೇಕು ಅಂತ ಹದಿನೈದು ದಿನದಿಂದ ನಾನು ತಿಳಕೊಂಡಿದ್ದೆ. ಖರೇ ಅಂದ್ರ ಅದು ‘ಗಿಫ್ಟ್‌ನೋಟ್‌ರೂಫ್’. ಹುಡುಗರು ಏನರೆ ವಿಷದ ಸಾಮಾನು ಬಾಯಿಗೆ ಹಾಕ್ಕೊಂಡ್ರ ತಕ್ಷಣ ಕೇಳ್ಲಿಕ್ಕೆ ಇರೋ ಸಹಾಯವಾಣಿ. ಸಣ್ಣ ಮಕ್ಕಳಿರೋ ಮನ್ಯಾಗ ಆ ನಂಬರ್ ಇಟ್ಕೊಂಡಿರ್ತಾರ.

ಅಜ್ಜಿಗೆ ಮಗಳು ಎಲ್ಲಾ ತಿಳಿಸಿ ಹೇಳಿದ್ಳು. ಆ ತಾಯಿ ಏನು ಮಾಡಿದ್ರು ಗೊತ್ತೇನು? ಅಲ್ಲೇ ದಾರ ಬಿಚ್ಚಿ, ಒಂದು ಉಂಡಿ ತಗದು, ನನ್ನ ಕಣ್ಣು ನೋಡಿಕೋತ ಅರ್ಧಾ ಕಡದು ತಿಂದ್ರು. ಆಮ್ಯಾಲೆ ಒಳಗ ಬಂದು ಕೂತು ಉಳಿದರ್ಧಾನೂ ತಿಂದ್ರು. ಉಳಿದ ಮೂರು ಮನಿ ಡಬ್ಬಿ ಮ್ಯಾಲಿನ ಅಕ್ಷರ ಅಳಿಯಾ ಸಂಜಿಗೆ ಬಂದು ಬದಲು ಮಾಡಿ ಬಂದ್ರು.

ಅವತ್ತಿನಿಂದ ನನ್ನ ತಲ್ಯಾಗ ಒಂದ ಪ್ರಶ್ನಿ. ಅಕ್ಷರ ಅವೇ, ಜರ್ಮನ್ನೂ ಇಂಗ್ಲಿಷೂ ಅಕ್ಕತಂಗಿ ಭಾಷಾ ಅಂತಾರ. ಹಿಂಗಿದ್ದೂ ಒಂದು ಕಡೆ ಕಾಣಿಕಿ, ಇನ್ನೊಂದು ಕಡೆ ವಿಷ ಹ್ಯಾಂಗಾತು? ಕೂಸು ಮಲಗಿದಾಗೆಲ್ಲಾ ಮಗಳನ್ನ ಕೇಳಿ, ಅಕಿ ಕಡಿಂದ ನಿಘಂಟು ಓದಿಸಿ, ಒಂದೊಂದ ಎಳಿ ಬಿಡಿಸಿದ್ವಿ.

ಮೂಲ ಮಾತು ಒಂದೇ: ‘ಕೊಡೋದು’. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬೆನ್’ ಎರಡೂ ಕೊಡು ಅನ್ನೋ ಕ್ರಿಯಾಪದಗಳೇ. ಅದರಿಂದ ಹುಟ್ಟಿದ್ದು ಗಿಫ್ಟ್, ಅಂದ್ರ ಕೊಟ್ಟದ್ದು, ಕೊಡುವಿಕೆ. ಹಳೇ ಜರ್ಮನ್ನಿನ್ಯಾಗೂ ಇದಕ್ಕ ಕೊಡುಗೆ ಅಂತನೇ ಅರ್ಥ ಇತ್ತು. ಹಂಗಾದ್ರ ವಿಷ ಎಲ್ಲಿಂದ ಬಂತು? ಗ್ರೀಕ್ ವೈದ್ಯರು ರೋಗಿಗೆ ಕೊಡೋ ಔಷಧದ ಅಳತಿಗೆ ‘ದೋಸಿಸ್’ ಅಂತಿದ್ರು. ಆ ಶಬ್ದಕ್ಕೂ ‘ಕೊಡೋದು’ ಅಂತನೇ ಅರ್ಥ. ಅದು ಲ್ಯಾಟಿನ್ನಿಗೆ ಹೋತು. ಜರ್ಮನ್ನರು ಅದನ್ನ ತಮ್ಮ ಭಾಷಾದಾಗ ಹೇಳೋಮುಂದ ತಮ್ಮ ‘ಗಿಫ್ಟ್’ ಹಚ್ಚಿದ್ರು. ಹಿಂಗ ಗಿಫ್ಟ್ ಅಂದ್ರ ಔಷಧದ ಒಂದು ಪಾಲು ಅಂತಾತು. ಔಷಧ ಹೆಚ್ಚಾದ್ರ ಏನಾಗ್ತದ ಅಂತ ನಮಗೂ ಗೊತ್ತದ. ವಿಷ ಅಂತ ಬಾಯಿಬಿಟ್ಟು ಹೇಳೋ ಬದಲಿ ‘ಕೊಟ್ಟದ್ದು’ ಅಂತ ಮರಿಮಾಚಿ ಹೇಳಿ ಹೇಳಿ, ಕಡಿಗೆ ಕಾಣಿಕಿ ಅನ್ನೋ ಅರ್ಥ ಅಳಿಸಿ ಹೋಗಿ ಬರೇ ವಿಷ ಉಳೀತು.

ಆ ‘ದೋಸಿಸ್’ನೇ ಇವತ್ತಿನ ‘ಡೋಸ್’. ಕೊರೊನಾದಾಗ ಎರಡು ಡೋಸ್ ಆತೇನು, ಮೂರು ಡೋಸ್ ಆತೇನು ಅಂತ ಓಣಿ ತುಂಬ ಕೇಳಿಕೋತ ಅಡ್ಡಾಡಿದ್ವಲ್ಲಾ, ಅದು. ಇನ್ನೂ ಒಂದು ಸೋಜಿಗ ಅಂದ್ರ, ಆ ಗ್ರೀಕ್ ಶಬ್ದದ ಬೇರು, ಲ್ಯಾಟಿನ್ನಿನ ‘ದೋನುಮ್’ ಅನ್ನೋದರ ಬೇರು, ನಮ್ಮ ಸಂಸ್ಕೃತದ ‘ದಾನ’ದ ಬೇರು ಎಲ್ಲಾ ಒಂದೇ. ಡೋಸ್ ಮತ್ತ ದಾನ ದೂರದ ಸಂಬಂಧಿಕರು!

ಇದನ್ನ ಕೇಳಿದ ಮ್ಯಾಲೆ ಜರ್ಮನ್ನರಿಗೆ ನಗಲಿಕ್ಕೆ ನನಗ ಬಾಯಿ ಬರಲಿಲ್ಲ. ನಮ್ಮ ಹಳ್ಯಾಗ ಯಾರರೆ ಹೆಣ್ಣುಮಗಳು ವಿಷ ಕುಡದ್ರ ನಾವು ಏನಂತೀವಿ? ‘ಔಷಧ ತೊಗೊಂಡ್ಳಂತ’ ಅಂತೀವಿ. ಹೊಲಕ್ಕ ಹೊಡಿಯೋ ವಿಷಕ್ಕ ಔಷಧ ಅಂತೀವಿ, ಎಣ್ಣಿ ಅಂತೀವಿ. ‘ಮದ್ದು’ ಅಂದ್ರ ಗುಣ ಮಾಡೋದು, ‘ಮದ್ದು ಹಾಕಿದ್ರು’ ಅಂದ್ರ ಕೆಡಿಸೋದು. ಎಲ್ಲಾ ಕಡೆ ಮಂದಿ ಹಂಗೇ. ಹೆದರಿಕಿ ಬರೋ ಮಾತಿಗೆ ಮೆತ್ತನ್ನ ಹೆಸರು ಹುಡುಕ್ತಾರ. ಫ್ರೆಂಚಿನಿಂದ ಬಂದ ‘ಪಾಯಿಸನ್’ ಅನ್ನೋ ಶಬ್ದನೂ ಮೂಲದಾಗ ಲ್ಯಾಟಿನ್ನಿನ ‘ಕುಡಿಯೋದು’ ಅನ್ನೋದರಿಂದ ಬಂದದ್ದು. ಔಷಧದ ಗುಟುಕಿಗೆ ಹೇಳೋ ‘ಪೋಷನ್’ ಅದರ ಒಡಹುಟ್ಟಿದ್ದು. ಹಂಗಾದ್ರ ಜರ್ಮನ್ನಿನ್ಯಾಗ ಕಾಣಿಕಿಗೆ ಏನಂತಾರ? ‘ಗೆಶೆಂಕ್’. ಅದು ‘ಶೆಂಕೆನ್’ ಅನ್ನೋ ಕ್ರಿಯಾಪದದ್ದು, ಮೊದಲು ಅದಕ್ಕ ಕುಡಿಲಿಕ್ಕೆ ಬಗ್ಗಿಸಿ ಕೊಡು ಅಂತ ಅರ್ಥ ಇತ್ತು. ಬಂದವರಿಗೆ ಬಟ್ಟಲಕ್ಕ ಬಗ್ಗಿಸಿ ಕೊಡೋದೇ ಮೊದಲ ಕಾಣಿಕಿ. ಫ್ರಾನ್ಸಿನ ಮಾರ್ಸೆಲ್ ಮೋಸ್ ಅನ್ನೋ ವಿದ್ವಾಂಸರು 1924ರಲ್ಲಿ ‘ಗಿಫ್ಟ್, ಗಿಫ್ಟ್’ ಅಂತನೇ ಹೆಸರಿಟ್ಟು ಒಂದು ಸಣ್ಣ ಲೇಖನ ಬರದಾರ. ಬಗ್ಗಿಸಿ ಕೊಟ್ಟ ಬಟ್ಟಲದಾಗ ಪ್ರೀತಿ ಅದನೋ ವಿಷ ಅದನೋ ಕುಡಿಯೋವರಿಗೆ ಮೊದಲ ತಿಳಿಯಂಗಿಲ್ಲ, ಅದಕ್ಕ ಆ ಎರಡೂ ಅರ್ಥ ಒಂದೇ ಶಬ್ದದಾಗ ಕೂಡಿಕೊಂಡ್ವು ಅನ್ನೋದು ಅವರ ವಿಚಾರ. ಮುಂದಿನ ವರ್ಷ ಅವರು ಕೊಡು-ತೊಗೊಳ್ಳೋದರ ಬಗ್ಗೆ ದೊಡ್ಡ ಪ್ರಬಂಧನೇ ಬರದ್ರು. ಕೊಟ್ಟದ್ದು ಯಾವುದೂ ಬಿಟ್ಟಿ ಅಲ್ಲ, ತೊಗೊಂಡವನ ಮ್ಯಾಲೆ ಅದರ ಭಾರ ಇದ್ದೇ ಇರ್ತದ ಅನ್ನೋದು ಅದರ ಸಾರ.

ಹಿಮಬಿಳುಪಿ ಹುಡುಗಿ ಸ್ನೋವೈಟ್ ಕತಿ ನಿಮ್ಮ ಮೊಮ್ಮಕ್ಕಳಿಗೆ ಗೊತ್ತಿರ್ತದ. ಅದನ್ನ ಬರದಿಟ್ಟವರು ಜರ್ಮನಿಯ ಗ್ರಿಮ್ ಸಹೋದರರು, 1812ರಲ್ಲಿ. ಅದರಾಗ ಮಲತಾಯಿ ರಾಣಿ ಹಳ್ಳಿ ಹೆಂಗಸಿನ ವೇಷ ಹಾಕ್ಕೊಂಡು ಬಂದು ಸೇಬು ಕೊಡ್ತಾಳ. ಹುಡುಗಿ ಒಲ್ಲೆ ಅಂತಾಳ. ‘ವಿಷ ಅದ ಅಂತ ಹೆದರ್ತಿ ಏನು? ನೋಡು, ಬಿಳಿ ಪಾಲು ನಾ ತಿಂತೀನಿ, ಕೆಂಪು ಪಾಲು ನೀ ತಿನ್ನು’ ಅನ್ನೋ ಹಂಗ ರಾಣಿ ಪುಸಲಾಯಿಸ್ತಾಳ. ವಿಷ ಇದ್ದದ್ದು ಕೆಂಪು ಪಾಲಿನ್ಯಾಗಷ್ಟೇ. ಕೆಳಗಿನ ಮನಿ ಅಜ್ಜಿ ನನ್ನ ಕಣ್ಣು ನೋಡಿಕೋತ ಉಂಡಿ ಕಡದದ್ದು ನೆನಪಾಗಿ ನಗಿ ಬಂತು. ಆ ತಾಯಿ ಕೆಂಪು ಪಾಲು ಅಂತ ತಿಳದೂ ತಿಂದ್ರೋ ಏನೋ. ಇದೇ ಗ್ರಿಮ್ ಅಣ್ಣತಮ್ಮಂದಿರು ಜರ್ಮನ್ ಭಾಷಾದ ದೊಡ್ಡ ನಿಘಂಟನ್ನೂ ಶುರು ಮಾಡಿದವರು. 1838ರಲ್ಲಿ ಹಿಡದ ಕೆಲಸ, ಅವರು ಹೋದ ಮ್ಯಾಲೂ ಬ್ಯಾರೆಯವರು ನಡಿಸಿ, ಮುಗದದ್ದು 1961ರಲ್ಲಿ. ಈ ಇಸ್ವಿ ನೆನಪಿಡ್ರಿ, ಮುಂದ ಬರ್ತದ.

ಇನ್ನ ಪಕ್ಕದ ದೇಶಗಳಿಗೆ ಬರೋಣು. ನೆದರ್ಲ್ಯಾಂಡ್ಸಿನವರು ಶ್ಯಾಣ್ಯಾರು, ಶಬ್ದ ಎರಡು ಮಾಡಿ ಹಂಚಿಕೊಂಡಾರ. ಡಚ್ಚಿನ್ಯಾಗ ಕಡಿಗೆ ‘ಟ್’ ಇದ್ರ ದೇಣಿಗಿ, ‘ಟ್’ ಇಲ್ಲದಿದ್ರ ವಿಷ. ಸ್ವೀಡನ್, ನಾರ್ವೆಯೊಳಗ ಅದನ್ನ ‘ಯಿಫ್ಟ್’ ಅಂತ ಅಂತಾರ. ಅಲ್ಲೆ ಅದಕ್ಕ ಎರಡು ಅರ್ಥ. ಒಂದು ವಿಷ. ಇನ್ನೊಂದು... ಹೇಳ್ರಿ ನೋಡೋಣು? ‘ಲಗ್ನ ಆದವರು’! ನೀವು ‘ಯಿಫ್ಟ್’ ಏನು ಅಂತ ಕೇಳಿದ್ರ ನಿಮಗ ಲಗ್ನ ಆಗೇದೇನು ಅಂತ ಕೇಳಿಧಂಗ. ಮಗಳ ಆಫೀಸಿನ್ಯಾಗ ಒಬ್ಬಾಕಿ ಸ್ವೀಡನ್ನಿನ ಹುಡುಗಿ ಇದ್ದಾಳ. ಲಗ್ನಕ್ಕೂ ವಿಷಕ್ಕೂ ಒಂದೇ ಶಬ್ದ ಅಂತ ಅವರ ಊರಾಗ ಗಂಡಸರೂ ಹೆಂಗಸರೂ ಚ್ಯಾಷ್ಟಿ ಮಾಡ್ತಾರಂತ. ನಮ್ಮ ಮನಿಯವರಿಗೆ ಫೋನಿನ್ಯಾಗ ಹೇಳಿದೆ. ‘ಇದರಾಗ ಸೋಜಿಗೇನದ?’ ಅಂದ್ರು. ಆ ಮಾತಿಗೆ ಉತ್ತರ ಊರಿಗೆ ಬಂದ ಮ್ಯಾಲೆ ಕೊಟ್ಟೀನಿ.

ಆದ್ರ ಚ್ಯಾಷ್ಟಿ ಬಿಟ್ಟು ನೋಡಿದ್ರ, ಲಗ್ನ ಆದಾಕಿಗೆ ‘ಯಿಫ್ಟ್’ ಅಂತ ಯಾಕ ಅಂತಾರ? ಯಾಕಂದ್ರ ಅಕಿ ‘ಕೊಟ್ಟಾಕಿ’. ಅಪ್ಪ ಇನ್ನೊಂದು ಮನಿಗೆ ಕೊಟ್ಟ ಹುಡುಗಿ. ಹಳೇ ಸ್ವೀಡನ್ನಿನ ಕಾಯ್ದೆಯೊಳಗ ಹೆಣ್ಣನ್ನ ಕೊಡೋ ಹಕ್ಕಿದ್ದ ಗಂಡಸಿಗೆ, ಅಪ್ಪನೋ ಅಣ್ಣನೋ, ಬ್ಯಾರೆ ಹೆಸರೇ ಇತ್ತು, ‘ಯಿಫ್ಟುಮಾನ್’ ಅಂತ. ಇಂಗ್ಲಿಷಿನ ಕತಿನೂ ಹಂಗೇ ಅದ. ಹಳೇ ಇಂಗ್ಲಿಷಿನ್ಯಾಗ ಈ ಶಬ್ದಕ್ಕ ಇದ್ದ ಅರ್ಥ ಹೆಣ್ಣಿಗೆ ಕೊಡೋ ತೆರ. ಅದೇ ಶಬ್ದದ ಬಹುವಚನಕ್ಕ ಲಗ್ನ ಅಂತ ಅರ್ಥ. ಆಮ್ಯಾಲೆ ಉತ್ತರದಿಂದ ವೈಕಿಂಗರು ಬಂದು ಇಂಗ್ಲೆಂಡಿನ್ಯಾಗ ನೆಲಿಸಿದ್ರಲ್ಲಾ, ಅವರ ಮಾತಿನ ಪ್ರಭಾವದಿಂದ ಕಾಣಿಕಿ ಅನ್ನೋ ಅರ್ಥನೂ, ಗಟ್ಟಿ ‘ಗ’ ಉಚ್ಚಾರನೂ ಬಂದು ಇವತ್ತಿನ ‘ಗಿಫ್ಟ್’ ಆತು. ಬರ್ತ್‌ಡೇಕ್ಕ ಬಣ್ಣದ ಕಾಗದ ಸುತ್ತಿ ಕೊಡೋ ಗಿಫ್ಟಿನ ಒಳಗ ಒಂದು ಕಾಲದ ಕನ್ಯಾಶುಲ್ಕ ಕೂತದ.

ಇದನ್ನ ಓದಿದಾಗ ನಾ ಮಗಳಿಗೆ ಅಂದೆ, ‘ಇದರಾಗ ಸ್ವೀಡನ್ನಿನವರದ್ದೇನು ಹೊಸಾದು? ನಿನ್ನ ಲಗ್ನ ಆದ ಮ್ಯಾಲೆ ಸಿಕ್ಕಸಿಕ್ಕವರು ನನ್ನನ್ನ ಏನಂತ ಕೇಳಿದ್ರು? ಮಗಳನ್ನ ಎಲ್ಲೆ ಕೊಟ್ರಿ? ಅಂತ.’ ಖರೇನ. ನಾವು ಹೆಣ್ಣು ಕೊಡ್ತೀವಿ, ಹೆಣ್ಣು ತರ್ತೀವಿ. ಗಂಡನ ಮನಿಗೆ ‘ಕೊಟ್ಟ ಮನಿ’ ಅಂತೀವಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತೀವಿ. ಕನ್ನಡದಾಗ ಗಂಡುಮಗನನ್ನ ದತ್ತಕ ಬಿಟ್ರ ಬ್ಯಾರೆ ಯಾವಾಗೂ ಯಾರೂ ‘ಕೊಡಂಗಿಲ್ಲ’. ಸ್ವೀಡನ್ನಿನ್ಯಾಗ ಮಾತ್ರ ಈಗ ಗಂಡಸೂ ‘ಯಿಫ್ಟ್’, ಹೆಂಗಸೂ ‘ಯಿಫ್ಟ್’. ಶಬ್ದ ಹಳೇದೇ ಅದ, ಒಳಗಿನ ನ್ಯಾಯ ಬದಲಾಗೇದ. 1921ರಿಂದ ಲಗ್ನ ಆದ ಹೆಂಗಸು ಗಂಡನ ಕೈಕೆಳಗಿನಾಕಿ ಅಲ್ಲ ಅಂತ ಅಲ್ಲಿ ಕಾಯ್ದೆ ಬಂತು. ಇವತ್ತು ಲಗ್ನದಿಂದ ಗಂಡಹೆಂಡತಿಗೆ ಒಬ್ಬರ ಆಸ್ತಿ ಮ್ಯಾಲೆ ಇನ್ನೊಬ್ಬರಿಗೆ ಬರೋ ಹಕ್ಕಿಗೂ ಇದೇ ಶಬ್ದ ಹಚ್ಚಿ ಹೆಸರಿಟ್ಟಾರ. ಇಬ್ಬರೂ ಬಿಟ್ಟ್ರ ಆ ಆಸ್ತಿ ಸಮಪಾಲು.

ಜರ್ಮನ್ನಿನ್ಯಾಗ ಕಾಣಿಕಿ ಅರ್ಥ ಪೂರಾ ಸತ್ತುಹೋತು ಅಂದೆನಲ್ಲಾ, ಒಂದು ಮೂಲ್ಯಾಗ ಇನ್ನೂ ಜೀವ ಹಿಡಕೊಂಡದ. ‘ಮಿಟ್‌ಗಿಫ್ಟ್’. ಮಿಟ್ ಅಂದ್ರ ಜೊತಿಗೆ. ಹುಡುಗಿ ಜೊತಿಗೆ ಕೊಟ್ಟದ್ದು. ನಮ್ಮ ಬಳುವಳಿ, ಇನ್ನೂ ಖುಲ್ಲಾ ಹೇಳಬೇಕಂದ್ರ ವರದಕ್ಷಿಣಿ. ಒಂದಿನ ಅಜ್ಜಿ ಮ್ಯಾಲೆ ಬಂದಾಗ ಇದನ್ನ ಕೇಳಿದ್ವಿ. ಅವರ ತಾಯಿ ಲಗ್ನದಾಗ ಒಂದು ದೊಡ್ಡ ಪೆಟಗಿ ತುಂಬ ಹಾಸಿಗಿ ಅರವಿ, ಟೇಬಲ್ ಅರವಿ, ಎಲ್ಲಾದರ ಮೂಲಿಗೂ ಹೆಸರಿನ ಮೊದಲಕ್ಷರ ಕಸೂತಿ ಹಾಕಿದ್ದು ತಂದಿದ್ರಂತ. ಜರ್ಮನಿಯೊಳಗ 1900ರಲ್ಲಿ ಜಾರಿಗೆ ಬಂದ ಸಿವಿಲ್ ಕಾಯ್ದೆಯೊಳಗ ಮಗಳಿಗೆ ಸಂಸಾರ ಹೂಡ್ಲಿಕ್ಕೆ ಬೇಕಾದ ಸಾಮಾನು ಕೊಡೋದು ತಂದೆಯ ಕರ್ತವ್ಯ ಅಂತನೇ ಬರದಿತ್ತು. 1950ರ ದಶಕದ ಕಡಿಗೆ ಅದನ್ನ ತಗದು ಹಾಕಿದ್ರು. ಅಜ್ಜಿ ಒಂದು ಮಾತಂದ್ರು. ಮಗಳು ಅದನ್ನ ಕನ್ನಡದಾಗ ಹೇಳಿದ್ಳು: ‘ನಮ್ಮಮ್ಮ ಆ ಅರವಿ ಒಂದು ದಿನಾನೂ ಹಾಸಲಿಲ್ಲ. ಅದಕ್ಕ ಅಜ್ಜ ಎಷ್ಟು ಸಾಲ ಮಾಡಿದ್ದ ಅಂತ ಅಕಿಗೆ ಗೊತ್ತಿತ್ತು.’

ಇಲ್ಲಿಗೆ ಕತಿ ಮುಗದಿದ್ರ ನಾ ಇದನ್ನ ಹೋದ ವರ್ಷನೇ ಬರೀತಿದ್ದೆ.

ನಾ ಊರಿಗೆ ಬಂದ ಎರಡು ತಿಂಗಳಿಗೆ ಸಣ್ಣ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಶ್ಯಾಣ್ಯಾ, ಮನಿ ಛಲೋ, ಜಾತಕ ಕೂಡಿತ್ತು. ಅವಲಕ್ಕಿ, ಚಹಾ ಆತು. ಹುಡುಗನ ತಾಯಿ ಸೆರಗು ಸರಿ ಮಾಡಿಕೊಂಡು ಭಾಳ ಮೆತ್ತಗ ಅಂದ್ರು: ‘ನಮಗ ವರದಕ್ಷಿಣಿ ಗಿರದಕ್ಷಿಣಿ ಏನೂ ಬ್ಯಾಡ್ರಿ. ನಾವು ಅಂಥ ಮಂದಿ ಅಲ್ಲ. ನಿಮ್ಮ ಮಗಳಿಗೆ ನೀವಾಗೇ ಏನು ಗಿಫ್ಟ್ ಕೊಡ್ತೀರೋ ಕೊಡ್ರಿ.’ ಅಷ್ಟರಾಗ ಬಾಜು ಕೂತ ಅವರ ಮನಿ ಹಿರಿಯರು, ಬೆಂಗಳೂರಾಗ ಫ್ಲ್ಯಾಟ್ ಬುಕ್ ಮಾಡ್ಯಾನ್ರಿ ನಮ್ಮ ಹುಡುಗ, ಮದಲನೇ ಅಳಿಯಾಗ ಏನು ಗಿಫ್ಟ್ ಕೊಟ್ಟಿದ್ರಿ, ಅಂತ ಸಹಜ ಕೇಳಿಧಂಗ ಕೇಳಿದ್ರು.

ನನ್ನ ಕಿವಿಯೊಳಗ ಆ ಶಬ್ದ ಮೂರು ಅರ್ಥದಾಗೂ ಒಮ್ಮೆಲೇ ಬಿತ್ತು.

ಆದ್ರ ಎದಿ ಝಲ್ ಅಂದದ್ದು ಅದಕ್ಕಲ್ಲ. ಆ ಮಾತು ನಾ ಮೊದಲ ಕೇಳಿದ್ದೆ. ಬ್ಯಾರೆಯವರ ಬಾಯಿಲೆ ಅಲ್ಲ, ನನ್ನ ಬಾಯಿಲೆ. 1996ರಲ್ಲಿ ಮೈದುನಗ ಹೆಣ್ಣು ನೋಡ್ಲಿಕ್ಕೆ ಹೋದಾಗ ಮನಿ ಹಿರೀ ಸೊಸಿ ಅಂತ ಅತ್ತಿಯವರು ನನ್ನನ್ನೇ ಮುಂದ ಮಾಡಿದ್ರು. ಜಮಖಾನಿ ಮ್ಯಾಲೆ ಕೂತು, ಹಿಂಗ ಸೆರಗು ಸರಿ ಮಾಡಿಕೊಂಡು, ಇಷ್ಟೇ ಮೆತ್ತಗ ನಾ ಅಂದಿದ್ದೆ: ‘ನಮಗೇನೂ ಬ್ಯಾಡ್ರಿ, ನೀವಾಗೇ ಖುಷಿಲೆ ಏನು ಗಿಫ್ಟ್ ಕೊಟ್ರೂ ನಡೀತದ.’ ಹುಡುಗಿ ತಂದಿ ಸಾಲಿ ಮಾಸ್ತರು. ಖುಷಿಲೆ ಒಂದು ಸ್ಕೂಟರ್, ಒಂದು ಫ್ರಿಜ್ ಕೊಟ್ರು. ಆ ಫ್ರಿಜ್ ಹದಿನೆಂಟು ವರ್ಷ ನಮ್ಮ ಅಡಗಿಮನ್ಯಾಗ ಇತ್ತು. ದಿನಾ ಮುಂಜಾನೆ ಅದರಾಗಿಂದ ಹಾಲು ತಗದು ಚಹಾ ಮಾಡಿದಾಕಿ ನಾನು. ಅದರ ರೊಕ್ಕ ಎಲ್ಲಿಂದ ಬಂತು ಅಂತ ಒಂದು ದಿನಾನೂ ಕೇಳಲಿಲ್ಲ.

ನಮ್ಮ ದೇಶದ ವರದಕ್ಷಿಣಿ ನಿಷೇಧ ಕಾಯ್ದೆ ಬಂದದ್ದೂ 1961ರಲ್ಲಿ, ಗ್ರಿಮ್ ನಿಘಂಟು ಮುಗದ ವರ್ಷವೇ. ಅದರ ಪ್ರಕಾರ ಕೇಳೋದೂ ತಪ್ಪು, ತೊಗೊಳ್ಳೋದೂ ತಪ್ಪು, ಕೊಡೋದೂ ತಪ್ಪು. ಯಾರೂ ಕೇಳದ, ತಾವಾಗೇ ಕೊಟ್ಟ ಉಡುಗೊರಿ ಅಷ್ಟೇ ನಡೀತದ. ಅದನ್ನೂ ಪಟ್ಟಿ ಮಾಡಿ ಬರದಿಡಬೇಕು ಅಂತ 1985ರ ನಿಯಮ ಅದ. ನಾವು ಏನು ಮಾಡಿದ್ವಿ? ಪಟ್ಟಿ ಬರೀಲಿಲ್ಲ, ಹೆಸರು ಬದಲಿ ಮಾಡಿದ್ವಿ. ವರದಕ್ಷಿಣಿ ಅನ್ನೋದು ಕಟು ಆತು ಅಂತ ಗಿಫ್ಟ್ ಅಂದ್ವಿ. ಜರ್ಮನ್ನರು ವಿಷಕ್ಕ ಕಾಣಿಕಿ ಅಂತ ಹೆಸರಿಟ್ಟು ಕಾಣಿಕಿನೇ ಮರತ್ರು. ನಮ್ಮ ಮಾತಿಗೂ ಹಂಗ ಆಗಬಾರದಲ್ಲಾ.

ಅವತ್ತು ಬಂದವರಿಗೆ ನಮ್ಮ ಮನಿಯವರು ಸಮಾಧಾನದಿಂದ ಅಂದ್ರು, ‘ಗಿಫ್ಟ್ ಅನ್ನೋ ಶಬ್ದ ಬಿಟ್ಟು ಮಾತಾಡೋಣ್ರಿ. ಲಗ್ನದ ಖರ್ಚು ಎರಡೂ ಕಡೆಯವರು ಅರ್ಧಾ ಅರ್ಧಾ. ಉಳದದ್ದು ಇಬ್ಬರೂ ದುಡೀತಾರ, ಅವರು ನೋಡ್ಕೋತಾರ.’ ಹಿರಿಯರು ತಲಿ ಹಾಕಿದ್ರು, ಫೋನ್ ಮಾಡ್ತೀವಿ ಅಂದ್ರು. ಫೋನ್ ಇನ್ನೂ ಬಂದಿಲ್ಲ. ಮಗಳು ಮಾತ್ರ ಅವತ್ತು ರಾತ್ರಿ ಎರಡು ಸಲ ಅನ್ನಾ ಹಾಕಿಸಿಕೊಂಡು ಉಂಡ್ಳು.

ಮರುದಿನ ನಾ ನೆಗೆಣ್ಣಿಗೆ ಫೋನ್ ಹಚ್ಚಿದೆ. ಇಷ್ಟು ವರ್ಷ ಆದ ಮ್ಯಾಲೆ ಹ್ಯಾಂಗ ಶುರು ಮಾಡಬೇಕು ತಿಳೀಲಿಲ್ಲ. ಉಂಡಿ ಡಬ್ಬಿ ಕತಿಯಿಂದನೇ ಶುರು ಮಾಡಿದೆ. ಅಕಿ ಬಿದ್ದು ಬಿದ್ದು ನಕ್ಳು. ಆಮ್ಯಾಲೆ ಜಮಖಾನಿ ಮ್ಯಾಲೆ ಕೂತು ನಾ ಆಡಿದ ಮಾತು ಹೇಳಿ, ತಪ್ಪಾತವಾ ಅಂದೆ. ಸ್ವಲ್ಪ ಹೊತ್ತು ಆ ಕಡಿಂದ ಏನೂ ಬರಲಿಲ್ಲ.

‘ಅಕ್ಕಾ, ಫ್ರಿಜ್ ಮಾತ್ರ ಗಟ್ಟಿ ಇತ್ತು ಬಿಡ್ರಿ’ ಅಂದ್ಳು. ಮತ್ತ ಸ್ವಲ್ಪ ತಡದು, ‘ಅಪ್ಪ ಸೊಸೈಟ್ಯಾಗ ಸಾಲ ತಗದಿದ್ರು. ಅದು ತೀರೋ ತನಕಾ ಕಣ್ಣಿನ ಆಪರೇಶನ್ ಮುಂದಕ್ಕ ಹಾಕಿದ್ರು. ಮಬ್ಬುಗಣ್ಣಿಲೇ ಪೇಪರ್ ತಿದ್ದತಿದ್ರು’ ಅಂದ್ಳು. ಇದನ್ನ ಅಕಿ ಇಷ್ಟು ವರ್ಷದಾಗ ನಮ್ಮ ಮನ್ಯಾಗ ಯಾರ ಮುಂದೂ ಹೇಳಿರಲಿಲ್ಲ. ಆ ಫ್ರಿಜ್ಜಿನ ಮುಂದ ನಾವಿಬ್ಬರೂ ನಿಂತು ಅದೆಷ್ಟು ಸಲ ನಕ್ಕೀವಿ, ಮಾತಾಡೀವಿ.

ಇದನ್ನ ಬರೀಲೇನವಾ ಅಂತ ಕೇಳಿದೆ. ‘ಬರೀರಿ. ಅಪ್ಪನ ಹೆಸರು ಮಾತ್ರ ಬ್ಯಾಡ’ ಅಂದ್ಳು. ಅದಕ್ಕ ಬರದೀನಿ.

ಕೊಡೋದು ಬ್ಯಾಡ ಅಂತ ನಾ ಹೇಳ್ತಿಲ್ಲ. ಕುಬಸಕ್ಕ ಹಸರು ಸೀರಿ ಕೊಡ್ರಿ, ಕೂಸಿಗೆ ಕುಂಚಿಗಿ ಹೊಲದು ಕೊಡ್ರಿ, ಆಯೇರಿ ಮಾಡ್ರಿ, ನಿಮ್ಮ ಮಗಳಿಗೆ ನಿಮ್ಮ ಆಸ್ತಿಯೊಳಗ ಪಾಲು ಕೊಡ್ರಿ. ಕೇಳಿಸಿಕೊಂಡು ಕೊಡೋದಕ್ಕ, ಕಣ್ಣು ಮಬ್ಬು ಮಾಡಿಕೊಂಡು ಕೊಡೋದಕ್ಕ ಮಾತ್ರ ಛಂದನ್ನ ಹೆಸರಿಡೋದು ಬ್ಯಾಡ.

ಅಂದಹಾಗ ಕೆಳಗಿನ ಮನಿ ಅಜ್ಜಿ ಆರಾಮ ಇದ್ದಾರ. ಮಗಳು ಎದುರಾದಾಗೆಲ್ಲಾ ಕೇಳ್ತಾರಂತ, ‘ನಿಮ್ಮಮ್ಮ ಇನ್ನೊಂದು ಸಲ ಯಾವಾಗ ಬರ್ತಾರ? ಆ ವಿಷ ಭಾಳ ರುಚಿ ಇತ್ತು.’ ಈ ಸಲ ಹೋಗೋವರ ಕೈಯಾಗ ಒಂದು ಡಬ್ಬಿ ಕಳಸ್ತೀನಿ. ಅದರ ಮ್ಯಾಲೆ ಕನ್ನಡದಾಗ ‘ಉಂಡಿ’ ಅಂತ ಬರೀತೀನಿ.